ಇನ್ನೊಂದು ಕುರುಬರಹಟ್ಟಿ

ತಂಗಿಗೆ ನೋವು ಶುರುವಾದಾಗ ನಾನು ಗಿರಣಿಯಲ್ಲಿದ್ದೆ. ತ್ರೀ ಫೇಸ್ ಕರೆಂಟು ಬೆಳಿಗ್ಗೆ ಬಂದರೆ ಮಧ್ಯಾಹ್ನದ ಹೊತ್ತಿಗೆ ಹೋಗಿಬಿಡುತ್ತದೆ. ಅಷ್ಟರೊಳಗೆ ಹಟ್ಟಿಯವರ ರಾಗಿಯೆಲ್ಲ ಹಿಟ್ಟಾಗಬೇಕು. ಅತ್ತೆ ಬಾಗಿಲಲ್ಲಿ ನಿಂತು ಏನೋ ಕೂಗಿದರು. ಯಂತ್ರದ ಸದ್ದಿನಲ್ಲಿ ಮಾತು ಕೇಳಲಿಲ್ಲ. ಮುಖ ನೋಡಿ ಗೊತ್ತಾಯಿತು. ಸ್ವಿಚ್ ಆರಿಸಿ ಹಿಟ್ಟಿನ ಕೈಯಲ್ಲೇ ಓಡಿದೆ.

ನಾನು, ನನ್ನ ತಂಗಿ ಒಂದೇ ಮನೆಯ ಸೊಸೆಯರು. ಅಣ್ಣನಿಗೆ ನಾನು, ತಮ್ಮನಿಗೆ ಅವಳು. ತವರು ಚಿತ್ರದುರ್ಗದ ಪಕ್ಕದ ಮದಕರಿಪುರ. ಅವ್ವ ತೀರಿಕೊಂಡ ಮೇಲೆ ಅಲ್ಲಿ ಬಾಣಂತನ ಮಾಡುವ ಹೆಂಗಸರಿರಲಿಲ್ಲ. ಹಾಗಾಗಿ ಚೊಚ್ಚಲ ಹೆರಿಗೆಯಾದರೂ ಅವಳು ಹೊಸದುರ್ಗದ ಕಡೆಯ ಈ ಹಟ್ಟಿಯಲ್ಲೇ ಉಳಿದಿದ್ದಳು. ಮೈದುನ ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಕಡೆ ಹೋಗಿದ್ದ. ಭತ್ತ ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸುವ ಕಾಲ ಅದು. ನನ್ನ ಗಂಡನಿಗೆ ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ, ಬೆಳಗಿನ ಬಸ್ಸಿಗೇ ಹೋಗಿಬಿಡುತ್ತಾರೆ. ಮನೆಯಲ್ಲಿ ಹೆಂಗಸರಷ್ಟೇ ಇದ್ದೆವು.

ಆಂಬುಲೆನ್ಸಿಗೆ ಫೋನು ಮಾಡಿದೆ. ಎಲ್ಲೋ ದೂರದಲ್ಲಿ ಕೂತ ಹುಡುಗಿ ಊರು ಯಾವುದು, ಎಷ್ಟನೇ ಹೆರಿಗೆ ಎಂದು ಕೇಳಿದಳು. ಕುರುಬರಹಟ್ಟಿ ಎಂದೆ. ಹೊಸದುರ್ಗ ಎಂದೂ ಹೇಳಿದೆ, ಅವಳು ಬರೆದುಕೊಂಡಳೋ ಇಲ್ಲವೋ. ಗಾಡಿ ಹೊರಟಿದೆ ಮೇಡಂ, ಫೋನ್ ಕೈಯಲ್ಲೇ ಇಟ್ಟುಕೊಂಡಿರಿ ಎಂದಳು. ತಂಗಿಯನ್ನು ಜಗಲಿಯ ಮೇಲೆ ಕೂರಿಸಿದೆವು. ಅವಳು ನನ್ನ ಮೊಣಕೈ ಹಿಡಿದುಕೊಂಡು ಬೀದಿಯ ತಿರುವನ್ನೇ ನೋಡುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಫೋನ್ ಬಂತು. ಡ್ರೈವರ್.

"ಅಕ್ಕಾ, ಹಟ್ಟಿ ಒಳಗೇ ನಿಂತಿದೀನಿ. ಯಾವ ಮನೆ?"

"ನಾನು ಬೀದಿಯಾಗೇ ನಿಂತಿದೀನಪ್ಪ. ಯಾವ ಗಾಡಿನೂ ಕಾಣಂಗಿಲ್ಲ!"

"ಬೀರಪ್ಪನ ಗುಡಿ ಮುಂದೆ ಐದೀನಿ ಕಣಕ್ಕ."

ನಮ್ಮಲ್ಲೂ ಬೀರಪ್ಪನ ಗುಡಿ ಇದೆ. ಅಲ್ಲಿಗೆ ಓಡಿದೆ. ಗುಡಿಯ ಮುಂದೆ ಒಂದಷ್ಟು ಕೋಳಿ ಕೆದರುತ್ತಿದ್ದವು, ಅಷ್ಟೆ. ಫೋನಿನಲ್ಲೇ ಕೇಳಿದೆ, "ಯಾವ ತಾಲ್ಲೂಕಿನಾಗೆ ಇದೀಯಪ್ಪ ನೀನು?"

"ಹೊಳಲ್ಕೆರೆ" ಎಂದ ಮೆಲ್ಲಗೆ.

ನಮ್ಮ ಜಿಲ್ಲೆಯಲ್ಲಿ ಕುರುಬರಹಟ್ಟಿಗಳಿಗೂ ಗೊಲ್ಲರಹಟ್ಟಿಗಳಿಗೂ ಕೊರತೆಯಿಲ್ಲ. ಕುರಿಯವರು ಎಲ್ಲಿ ನೆಲೆ ನಿಂತರೋ ಅಲ್ಲೊಂದು ಹಟ್ಟಿ, ಅದಕ್ಕೊಂದು ಬೀರಪ್ಪನ ಗುಡಿ. ಅವನು ತಿರುಗಿ ಹೊರಟರೂ ನಮ್ಮನ್ನು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಪಕ್ಕದ ಹೊಲದಲ್ಲಿ ಈರುಳ್ಳಿ ತುಂಬುತ್ತಿದ್ದ ಗೂಡ್ಸ್ ಆಟೋದವನ ಕಾಲು ಹಿಡಿಯುವುದೊಂದು ಬಾಕಿ. ಅವನು ಚೀಲಗಳನ್ನೆಲ್ಲ ಇಳಿಸಿ ಬಂದ. ಖಾಲಿ ಚೀಲಗಳ ಮೇಲೆ ಕಂಬಳಿ ಹಾಸಿ ತಂಗಿಯನ್ನು ಮಲಗಿಸಿದೆವು.

ದಾರಿಯಲ್ಲಿ ಸಿಗುವ ದೊಡ್ಡ ಊರಿನಲ್ಲಿ ನಮ್ಮ ಆರೋಗ್ಯ ಕೇಂದ್ರ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಹುಟ್ಟಿದವರು. ಈಗ ಹೆರಿಗೆ ಕೋಣೆಗೆ ಬೀಗ ಬಿದ್ದಿತ್ತು. ಹೆರಿಗೆಗಳು ಇನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕೆಂದು ಮೇಲಿನಿಂದ ಬಂದ ಆದೇಶ. ಸಿಸ್ಟರ್ ಹೊರಗೆ ಬಂದು ಆಟೋದ ಹಿಂದೆ ಹತ್ತಿ ಸೀರೆ ಸರಿಸಿ ನೋಡಿದರು. ಇಳಿಯಲೇ ಇಲ್ಲ. "ಹೊಡೀರಿ ಆಟೋನ, ಹೊಡೀರಿ!" ಎಂದು ಕೂಗಿದರು.

ಗಾಳಿಯಂತ್ರಗಳ ಗುಡ್ಡ ದಾಟುವಾಗ ಮಗುವಿನ ಕಾಲು ಬಂತು. ತಲೆ ಬರಲಿಲ್ಲ. ಆಟೋ ನಿಲ್ಲಿಸಿದೆವು. ಸಿಸ್ಟರ್ ಮಂಡಿಯೂರಿ ಏನೇನೋ ಮಾಡಿದರು. ನಾನು ತಂಗಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕೊನೆಗೆ ಮಗು ಬಂದಾಗ ಸಿಸ್ಟರ್ ಅದರ ಬಾಯಿಗೆ ಬಾಯಿಟ್ಟು ಊದಿದರು, ಎದೆ ಒತ್ತಿದರು, ಮತ್ತೆ ಊದಿದರು. ಆಟೋದವನು ರಸ್ತೆಯ ಆ ಬದಿಗೆ ಹೋಗಿ ಬೆನ್ನು ಹಾಕಿ ನಿಂತಿದ್ದ. ತಂಗಿ, "ಯಾಕೆ ಅಳ್ತಿಲ್ಲ?" ಎಂದಳು. ಸಿಸ್ಟರ್ ಎದೆ ಒತ್ತುತ್ತಲೇ ಇದ್ದರು. "ಅಕ್ಕಾ, ಯಾಕೆ ಅಳ್ತಿಲ್ಲ ಅದು?"

ಹೆಣ್ಣು ಮಗು. ತಲೆ ತುಂಬ ಕೂದಲಿತ್ತು.

ಹೊಸದುರ್ಗದ ಆಸ್ಪತ್ರೆಯವರು ತಂಗಿಯನ್ನು ಉಳಿಸಿದರು. ರಕ್ತ ಕೊಟ್ಟರು, ಹೊಲಿಗೆ ಹಾಕಿದರು. ಮೈದುನ ಸುದ್ದಿ ತಿಳಿದು ಬರುವಷ್ಟರಲ್ಲಿ ಮಗುವನ್ನು ಮಣ್ಣಿಗೆ ಇಟ್ಟಾಗಿತ್ತು.

ಮನೆಗೆ ಬಂದ ಮೇಲೆ ಅವಳಿಗೆ ಹಾಲು ಬಂತು. ಅದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಕುಡಿಯುವ ಬಾಯಿಲ್ಲದೆ ಎದೆ ಕಲ್ಲಾಗಿ ಜ್ವರ ಏರಿತು. ಅತ್ತೆ ಮಲ್ಲಿಗೆ ಹೂವು ತರಿಸಿ, ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿದರು. ಹಾಲು ಇಂಗಲು ಹಳಬರು ಮಾಡುವ ಮದ್ದು. ಮನೆಯೆಲ್ಲ ಹೂವಿನ ವಾಸನೆ. ಇವತ್ತಿಗೂ ಬಸ್ಸಿನಲ್ಲಿ ಯಾರಾದರೂ ಮಲ್ಲಿಗೆ ಮುಡಿದು ಪಕ್ಕದಲ್ಲಿ ಕೂತರೆ ನಾನು ಎದ್ದು ನಿಲ್ಲುತ್ತೇನೆ.

ತಂಗಿ ಮಾತು ಬಿಟ್ಟಳು. ಹೇಳಿದ ಕೆಲಸ ಮಾಡುತ್ತಿದ್ದಳು, ತಟ್ಟೆಗೆ ಹಾಕಿದ ಮುದ್ದೆ ತಿನ್ನುತ್ತಿದ್ದಳು. ಅತ್ತೆಗೆ ಚಿಂತೆ ಹತ್ತಿತು. ಮಕ್ಕಳ ಫಲ ಬೇಡುವವರು ಹಾಲುರಾಮೇಶ್ವರಕ್ಕೆ ಹೋಗುತ್ತಾರಲ್ಲ, ಒಂದು ಸೋಮವಾರ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಬೇಡಿದ್ದು ತೇಲಿಬರುತ್ತದೆಂದು ಕೊಳದ ಮುಂದೆ ಜನ ಕೈಮುಗಿದು ಕೂತಿದ್ದರು. ಅತ್ತೆ, "ಸೆರಗೊಡ್ಡಿ ಕೇಳ್ಕಳವ್ವ" ಎಂದರು. ತಂಗಿ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಸುಮ್ಮನೆ ಕೂತಳು.

"ಕೇಳ್ಕಳೇ."

"ಏನ್ ಕೇಳ್ಲಿ? ದೇವ್ರು ಕೊಟ್ಟಿತ್ತಲ್ಲ ಅತ್ತೆ" ಎಂದಳು. "ಒಂಬತ್ತು ತಿಂಗಳು ಕಾಪಾಡಿತ್ತು. ಗಾಡಿ ಬರ್ಲಿಲ್ಲ ಅಷ್ಟೆ."

ಅತ್ತೆ ಆಮೇಲೆ ದೇವರ ಮಾತೆತ್ತಲಿಲ್ಲ.

ಮುಂಗಾರಿನ ಬಿತ್ತನೆ ನಡೆದಿದ್ದ ಕಾಲದಲ್ಲಿ ಪಂಚಾಯಿತಿಯ ಸದಸ್ಯನೊಬ್ಬ ಗಿರಣಿಗೆ ಬಂದ. ಇಲಾಖೆಯವರು ಆರೋಗ್ಯ ಕೇಂದ್ರಗಳನ್ನೆಲ್ಲ ಹೊಸದಾಗಿ ವಿಂಗಡಿಸುತ್ತಾರಂತೆ, ಜನರನ್ನು ಕೇಳಿಯೇ ಮಾಡಬೇಕಂತೆ, ಸಭೆ ಇದೆಯಂತೆ.

"ಹೆಣ್ಮಕ್ಳು ಇರ್ಬೇಕಂತೆ ಕಣಕ್ಕ. ಫೋಟೊ ತೆಗೀತಾರೆ. ನಿಮ್ಮ ಮಹಿಳಾ ಸಂಘದೋರನ್ನ ಒಂದಿಷ್ಟು ಜನ ಕರ್ಕಂಬರ್ರಿ."

"ಬಿತ್ತನೆ ದಿನದಾಗೆ, ಅದೂ ಬೆಳಿಗ್ಗೆ ಹೊತ್ನಾಗೆ ಯಾರಪ್ಪ ಬರ್ತಾರೆ?"

"ನಾಷ್ಟಾ ಐತೆ" ಎಂದ.

ಸಮುದಾಯ ಭವನದ ಗೋಡೆಗೆ ಬ್ಯಾನರ್ ಕಟ್ಟಿದ್ದರು: ಗ್ರಾಮೀಣ ಆರೋಗ್ಯ ಸೇವೆಗಳ ಪುನರ್ರಚನೆಯಲ್ಲಿ ಸಾರ್ವಜನಿಕರ ಸಹಭಾಗಿತ್ವ. ಕುರ್ಚಿಗಳು ಅರ್ಧ ಖಾಲಿ. ಅಧಿಕಾರಿ ಗೋಡೆಯ ಮೇಲೆ ನಕ್ಷೆ ತೋರಿಸಿ ಮಾತಾಡಿದರು. ಅರ್ಧಕ್ಕೆ ಕರೆಂಟು ಹೋಯಿತು, ಬರೀ ಬಾಯಲ್ಲಿ ಮುಂದುವರಿಸಿದರು. ನಮ್ಮ ಕೇಂದ್ರ ಇನ್ನು ಹಗಲಿನ ಚಿಕಿತ್ಸೆಗೆ ಮಾತ್ರ, ಹೆರಿಗೆ ಕೋಣೆ ಶಾಶ್ವತವಾಗಿ ಬಂದ್. ಎಲ್ಲ ಹೇಳಿ ಮುಗಿಸಿ, "ಈಗ ನಿಮ್ಮ ಅಭಿಪ್ರಾಯ ಹೇಳಬಹುದು" ಎಂದರು. ಹಿಂದಿನ ಸಾಲಿನಲ್ಲಿ ಆಗಲೇ ಖಾರ ಮಂಡಕ್ಕಿ ಹಂಚುತ್ತಿದ್ದರು. ಯಾರೋ ಚಪ್ಪಾಳೆ ಹೊಡೆದರು.

ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ಸಾರ್, ನೀವು ಕೇಳಾಕೆ ಬಂದೀರೋ, ಹೇಳಾಕೆ ಬಂದೀರೋ?"

ಅಧಿಕಾರಿ ನಕ್ಕರು. ಕೆಟ್ಟ ನಗುವಲ್ಲ, ದಣಿದ ನಗು. "ಕೇಳೋಕೇ ಬಂದಿರೋದಮ್ಮ. ಹೇಳಿ."

ಹೇಳಿದೆ. ಆಟೋ, ಬೀಗ, ಗುಡ್ಡ, ಎಲ್ಲ ಹೇಳಿದೆ. ತಂಗಿ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು, ಕೈಯಲ್ಲಿ ಮಂಡಕ್ಕಿಯ ಪೊಟ್ಟಣ. ಮಂಡಕ್ಕಿ ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಅಧಿಕಾರಿ, "ಇಂಥವರು ಸಮಿತಿಯಲ್ಲಿರಬೇಕು" ಎಂದರು. ಹೀಗೆ ನಾನು ನಮ್ಮ ಆರೋಗ್ಯ ಕೇಂದ್ರದ ಸಮಿತಿಗೆ ಸೇರಿದೆ. ನಮ್ಮ ಮಾತು ಅಲ್ಲಿಗೇ ಮುಗಿಯಲಿ ಎಂದು ಸೇರಿಸಿದರೋ, ನಿಜವಾಗಿಯೂ ಬೇಕೆಂದು ಸೇರಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಮಿತಿಯಲ್ಲಿ ನಾನು ಹಿಡಿದದ್ದು ಒಂದೇ ಹಟ: ಬೀಗ ತೆಗೀರಿ. ಕೇಂದ್ರದ ಡಾಕ್ಟರ್ ಹೊರಜಿಲ್ಲೆಯಿಂದ ಬಂದ ಎಳೆಯ ಹೆಣ್ಣುಮಗಳು. ನನ್ನ ಮಾತಿಗೆ ತಲೆಯಾಡಿಸುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ಒಂದು ದಿನ ಸಭೆ ಮುಗಿದ ಮೇಲೆ ನನ್ನನ್ನು ಆ ಕೋಣೆಗೇ ಕರೆದೊಯ್ದು ಬೀಗ ತೆಗೆದು ತೋರಿಸಿದರು. ಮಂಚ, ದೀಪ, ಒಂದು ಕಬ್ಬಿಣದ ಬೀರು. ಎಲ್ಲದರ ಮೇಲೂ ಧೂಳು.

"ಬಾಗಿಲು ತೆಗೆಯೋದು ಸುಲಭ ಅಕ್ಕ" ಎಂದರು. "ನಾಳೆನೇ ತೆಗೀಬಹುದು. ಆದರೆ ಇಲ್ಲಿ ರಕ್ತ ಇಲ್ಲ. ಆಪರೇಷನ್ ಮಾಡೋರಿಲ್ಲ, ಅರಿವಳಿಕೆ ಕೊಡೋರಿಲ್ಲ. ಕಾಲು ಮುಂದಾಗಿ ಬರೋ ಚೊಚ್ಚಲ ಮಗುನ ನಾನು ಇಲ್ಲಿ ಮುಟ್ಟೋಕೂ ಹೆದರ್ತೀನಿ. ಅವತ್ತು ಈ ಕೋಣೆ ತೆರೆದಿದ್ದರೂ..."

"ಮುಂದೆ ಹೇಳ್ಬ್ಯಾಡ್ರಿ" ಎಂದೆ.

ಅವರು ನಿಲ್ಲಿಸಿದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಹೊಡೆದೇಬಿಡುತ್ತಿದ್ದೆನೇನೋ. ಇಷ್ಟು ದಿನ ಆ ಬೀಗವನ್ನು ಬೈದುಕೊಂಡೇ ನಾನು ಬದುಕಿದ್ದೆ. ಅದನ್ನೂ ಕಿತ್ತುಕೊಂಡರೆ ಬೈಯಲು ಏನು ಉಳಿಯಿತು? ಬಸ್ಸಿಗೂ ಕಾಯದೆ ಬಿಸಿಲಿನಲ್ಲಿ ನಡೆದುಕೊಂಡೇ ಹಟ್ಟಿಗೆ ಬಂದೆ.

ತಂಗಿ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ನನ್ನ ಮುಖ ನೋಡಿ ಕೇಳಿದಳು, "ಡಾಕ್ಟ್ರು ಏನಂದ್ರಕ್ಕ?"

ತಿಂಗಳುಗಳಿಂದ ಅವಳಾಗಿಯೇ ಏನೂ ಕೇಳಿರಲಿಲ್ಲ. ಹೇಳಿದೆ. ಮುಚ್ಚಿಡಲು ಆಗಲಿಲ್ಲ. ಬೂದಿಯ ಕೈಯನ್ನು ತೊಳೆದುಕೊಂಡು ನನ್ನ ಪಕ್ಕ ಬಂದು ಕೂತಳು.

"ಹಂಗಾರೆ ಹೊಸದುರ್ಗಕ್ಕೇ ಹೋಗ್ಬೇಕಿತ್ತು."

"ಹೂಂ."

"ಗಾಡಿ ಸರಿಯಾಗಿ ಬಂದಿದ್ರೆ ಹೋಗಿರ್ತಿದ್ವಿ."

"ಹೂಂ."

"ಆ ಊರು ನೋಡ್ಬೇಕಕ್ಕ ನಾನು" ಎಂದಳು. "ಗಾಡಿ ಹೋಗಿ ನಿಂತಿತ್ತಲ್ಲ, ಆ ಊರು."

ಬೇಡವೆಂದೆ. ನನ್ನ ಗಂಡನೂ ಬೇಡವೆಂದರು. ಮೈದುನ ಮಾತ್ರ, "ಹೋಗ್ಬರ್ಲಿ ಬಿಡ್ರಿ ಅತ್ಗೆ" ಎಂದ. ಮಗು ಹೋದ ಮೇಲೆ ಅವನು ಆ ವರ್ಷ ಕುರಿಯ ಹಿಂದೆ ಹೋಗಲಿಲ್ಲ. ಮಂದೆಯನ್ನು ನೆಂಟರ ಮಂದೆಗೆ ಸೇರಿಸಿ ಮನೆಯಲ್ಲೇ ಉಳಿದಿದ್ದ.

ಹೊಸದುರ್ಗದಿಂದ ಹೊಳಲ್ಕೆರೆಗೆ ಒಂದು ಬಸ್ಸು, ಅಲ್ಲಿಂದ ಆಟೋ. ಆ ಹಟ್ಟಿಯೊಳಗೆ ಕಾಲಿಟ್ಟೆವು. ನಮ್ಮದರಂಥದೇ ಹಟ್ಟಿ. ಅದೇ ಅಗಲದ ಬೀದಿ, ಕುರಿ ಕೂಡುವ ದೊಡ್ಡಿ, ಹಂಚಿನ ಮನೆಗಳ ನಡುವೆ ಹೊಸದಾಗಿ ಎದ್ದ ಆರ್‌ಸಿಸಿ ಮನೆ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಉಣ್ಣೆ ನೂಲುತ್ತಿದ್ದಳು.

"ಯಾರ ಮನೆಗೆ ಬಂದೀರವ್ವ? ಕುಂತ್ಕಳ್ರಿ" ಎಂದಳು.

ಹೇಗೆ ಶುರು ಮಾಡುವುದೆಂದು ನಾನು ತಡವರಿಸುತ್ತಿದ್ದೆ. ತಂಗಿಯೇ ಕೇಳಿದಳು, "ಅಜ್ಜಿ, ಒಂದಿನ ಇಲ್ಲಿಗೆ ಆಂಬುಲೆನ್ಸ್ ಬಂದಿತ್ತಾ? ಯಾರೂ ಕರೀದೇ?"

ಮುದುಕಿ ಕದಿರು ನಿಲ್ಲಿಸಿದಳು. "ಬಂದಿತ್ತು. ಇಲ್ಲೇ ನಿಂತಿತ್ತು, ಈ ಕಟ್ಟೆ ಮುಂದೆ. ಡ್ರೈವರ್ ಇಳಿದು, ಯಾರಿಗೆ ಹೆರಿಗೆ ನೋವು ಅಂತ ಮನೆ ಮನೆ ಕೇಳ್ದ. ನಮ್ಮಾಗೆ ಆವಾಗ ಬಸುರೇರೇ ಇರ್ಲಿಲ್ಲ. ಫೋನಿನಾಗೆ ಮಾತಾಡಿ ತಲೆ ಮೇಲೆ ಕೈ ಹೊತ್ಕಂಡ ಪಾಪ. ನೀರು ಕೊಟ್ಟೆ, ಕುಡೀಲಿಲ್ಲ." ಆಮೇಲೆ ತಂಗಿಯ ಮುಖವನ್ನೇ ನೋಡಿದಳು. "ನಿಂಗೇನವ್ವ?"

ತಂಗಿ ತಲೆಯಾಡಿಸಿದಳು. ಮುದುಕಿ ಉಣ್ಣೆ ಪಕ್ಕಕ್ಕಿಟ್ಟು ಅವಳನ್ನು ಎಳೆದುಕೊಂಡಳು. ನನ್ನ ತಂಗಿ ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಆ ಗುರುತಿಲ್ಲದ ಊರಿನ ಕಟ್ಟೆಯ ಮೇಲೆ, ಗುರುತಿಲ್ಲದ ಮುದುಕಿಯ ಮಡಿಲಲ್ಲಿ.

ಅಳು ಕೇಳಿ ಹೆಂಗಸರು ಸೇರಿದರು. ವಿಷಯ ತಿಳಿದಾಗ ಅವರಲ್ಲೊಬ್ಬಳು, ಸುಮಾರು ನನ್ನದೇ ವಯಸ್ಸಿನವಳು, ಗೋಡೆಗೆ ಒರಗಿ ನಿಂತಿದ್ದವಳು ಹೇಳಿದಳು: ನಮ್ಮ ಮಗು ಹೋಗುವುದಕ್ಕೂ ಹಿಂದಿನ ವರ್ಷ ಅವಳ ಗಂಡನಿಗೆ ಶೇಂಗಾ ಹೊಲದಲ್ಲಿ ಹಾವು ಕಚ್ಚಿತ್ತು. ಫೋನು ಮಾಡಿದರೆ ಗಾಡಿ ಹಟ್ಟಿಯೊಳಗೇ ಇದೆ ಎಂದರಂತೆ. ಎಲ್ಲಿಯೂ ಇರಲಿಲ್ಲ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೊರಟರು. ಹೊಳಲ್ಕೆರೆ ಮುಟ್ಟುವ ಮೊದಲೇ ಕತ್ತು ವಾಲಿತಂತೆ.

ನಾನು ತಂಗಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅದೇ ವರ್ಷ ನಮ್ಮ ಹಟ್ಟಿಗೂ ಯಾರೂ ಕರೆಯದ ಗಾಡಿಯೊಂದು ಬಂದಿತ್ತು. ದಾರಿ ತಪ್ಪಿದೆಯೆಂದು ಗಂಡಸರು ತಮಾಷೆ ಮಾಡಿ, ಡ್ರೈವರಿಗೆ ಚಹಾ ಕುಡಿಸಿ ಕಳಿಸಿದ್ದರು. ಅದೇ ಗಾಡಿಯೋ ಅಲ್ಲವೋ ಖಚಿತವಾಗಿ ಯಾರು ಹೇಳಬಲ್ಲರು? ನಾನು ಆ ಹೆಂಗಸಿಗೆ ಅದನ್ನು ಹೇಳಿದೆ. ಹೇಳದೆ ಬರುವುದು ಆಗಲಿಲ್ಲ. ಅವಳು ಬೈಯಲಿಲ್ಲ. "ಹಂಗಾರೆ ನಾವಿಬ್ರೂ ಒಂದೇ" ಎಂದು ತಂಗಿಗೆ ಹೇಳಿ, ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

ಅವತ್ತು ಆ ಕಟ್ಟೆಯ ಮೇಲೆ ನಡೆದದ್ದೇ ನಿಜವಾದ ಸಭೆ ಎಂದು ಈಗ ನನಗನಿಸುತ್ತದೆ. ಬ್ಯಾನರ್ ಇರಲಿಲ್ಲ, ಅಷ್ಟೆ. ಏನು ಕೇಳಬೇಕೆಂದು ಅಲ್ಲೇ ತೀರ್ಮಾನವಾಯಿತು. ಬೀಗ ತೆಗೆಯಿರಿ ಎಂದಲ್ಲ. ಹಟ್ಟಿಯ ಹೆಸರು ಹೇಳಿದಾಗ ಪಕ್ಕದ ದೊಡ್ಡ ಊರಿನ ಹೆಸರನ್ನೂ ಕೇಳಿ ಗಾಡಿ ಕಳಿಸಲಿ. ಗಾಳಿಯಂತ್ರಗಳ ಗುಡ್ಡದ ಕ್ರಾಸಿನಲ್ಲಿ ಒಂದು ಗಾಡಿ ನಿಲ್ಲಿಸಲಿ. ಹೆರಿಗೆ ದಿನ ಹತ್ತಿರ ಬಂದ ದೂರದ ಹೆಂಗಸರು ಮುಂಚೆಯೇ ಬಂದು ಉಳಿಯಲು ಆಸ್ಪತ್ರೆಯ ಪಕ್ಕ ಒಂದು ಕೋಣೆ ಕೊಡಲಿ. ಹಾವು ಕಚ್ಚಿದ್ದಕ್ಕೆ ಮದ್ದು ಹತ್ತಿರದ ಕೇಂದ್ರದಲ್ಲೇ ಇರಲಿ. ಹಾವಿನ ಮಾತು ಸೇರಿಸಿದ್ದು ಆ ಹೆಂಗಸು.

ಆಮೇಲೆ ಎರಡೂ ಹಟ್ಟಿಯವರು ಚಿತ್ರದುರ್ಗದ ಆರೋಗ್ಯ ಇಲಾಖೆಯ ಕಚೇರಿಗೆ ಅಲೆದೆವು. ಹೋದಾಗಲೆಲ್ಲ ಒಂದು ದಿನದ ಕೂಲಿ ಹೋಗುತ್ತಿತ್ತು. ನನ್ನ ಗಿರಣಿ ಮುಚ್ಚಿದರೆ ಜನ ಮುಂದಿನ ಊರಿಗೆ ರಾಗಿ ಹೊತ್ತು ಹೋಗುತ್ತಿದ್ದರು, ಕೆಲವರು ತಿರುಗಿ ಬರಲೂ ಇಲ್ಲ. ಸಭೆಯಲ್ಲಿ ನನ್ನನ್ನು ಸಮಿತಿಗೆ ಸೇರಿಸಿದ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರಿಗೆ ಯಾವ ಸಭೆ, ಯಾವ ಸಮಿತಿ ಎಂಬುದೇ ಗೊತ್ತಿರಲಿಲ್ಲ. ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಸಾಹೇಬರು ಬೆಂಗಳೂರಿಗೆ ಹೋಗಿದ್ದಾರೆ. ಊಟಕ್ಕೆ ಎದ್ದಿದ್ದಾರೆ. ಬೆಂಚಿನ ಮೇಲೆ ನಾವು ಬುತ್ತಿ ಬಿಚ್ಚಿ ತಿಂದು, ಕೈತೊಳೆಯಲು ನೀರು ಹುಡುಕಿ, ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದೆವು.

ಹಟ್ಟಿಯಲ್ಲಿ ಆಡಿಕೊಂಡರು. ಪಂಚಾಯಿತಿ ಸದಸ್ಯ ಗಿರಣಿಯ ಮುಂದೆ ನಿಂತು, "ಏನಕ್ಕ, ಎಲೆಕ್ಷನ್ನಿಗೆ ನಿಂತ್ಕಂತೀಯೇನು?" ಎಂದ. ನನ್ನ ಗಂಡನಿಗೂ ಸಾಕಾಗಿತ್ತು. "ಹೋದ ಮಗು ಬರ್ತೈತೇನೇ? ಯಾಕೆ ಹಿಂಗೆ ಅಲೀತೀಯ?" ಎಂದು ಒಂದು ಬೆಳಿಗ್ಗೆ ಬಸ್ಸಿಗೆ ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು. ತಂಗಿ ಒಳಗಿನಿಂದಲೇ, "ಭಾವ, ನಾನೂ ಹೋಗ್ತೀನಿ ಇವತ್ತು" ಎಂದಳು. ಅವರು ಚಪ್ಪಲಿ ಹಾಕಿಕೊಂಡು ಹೋದರು.

ಕೊನೆಗೊಮ್ಮೆ ಹೊಸ ಅಧಿಕಾರಿ ನಮ್ಮನ್ನು ಒಳಗೆ ಕರೆದರು. ಎರಡೂ ಹಟ್ಟಿಯ ಹೆಂಗಸರು ಗೋಡೆಯುದ್ದಕ್ಕೂ ನಿಂತೆವು. ನಾನು ಹೇಳಬೇಕೆಂದು ಕಲಿತುಕೊಂಡಿದ್ದೆಲ್ಲ ಮರೆತುಹೋಯಿತು. ಹಾವು ಕಚ್ಚಿ ಗಂಡನನ್ನು ಕಳೆದುಕೊಂಡವಳು ಮುಂದೆ ಬಂದು, "ಸಾರ್, ನಾನು ಕುರುಬರಹಟ್ಟಿಯೋಳು" ಎಂದಳು. ತಂಗಿ ಅವಳ ಪಕ್ಕ ನಿಂತು, "ನಾನೂ ಕುರುಬರಹಟ್ಟಿಯೋಳೇ" ಎಂದಳು. ಅಧಿಕಾರಿ ಇಬ್ಬರನ್ನೂ ನೋಡಿದರು. "ಒಂದೇ ಊರಾ?"

"ಅಲ್ಲ ಸಾರ್. ಅದೇ ನಮ್ಮ ಕಷ್ಟ" ಎಂದಳು ತಂಗಿ.

ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಅಲ್ಲೇ ಯಾರಿಗೋ ಫೋನು ಮಾಡಿ ಗದರಿದರು. ನಾವು ಹೊರಗೆ ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಜೊತೆ ಬಂದಿದ್ದ ಕಟ್ಟೆಯ ಮುದುಕಿ ಎಲ್ಲರಿಗೂ ಎಲೆಯಡಿಕೆ ಕೊಟ್ಟಳು.

ಗಾಡಿ ಬಂತು. ಕ್ರಾಸಿನಲ್ಲಿ ಹುಣಸೆಮರದ ಕೆಳಗೆ ಬೆಳ್ಳಗೆ ನಿಂತಿರುತ್ತಿತ್ತು. ಅತ್ತೆ ಹೋಗಿ ತೆಂಗಿನಕಾಯಿ ಒಡೆದು ಬಂದರು. ಬೇಸಿಗೆ ಪೂರ್ತಿ ಇತ್ತು. ಮಳೆಗಾಲ ಶುರುವಾದಾಗ ಡ್ರೈವರ್‌ಗಳ ಕೊರತೆಯೆಂದು ಹಿಂದಕ್ಕೆ ಕರೆಸಿಕೊಂಡರು. ಹುಡುಕಿಕೊಂಡು ಹೋದಾಗ ಆ ಅಧಿಕಾರಿಯೂ ಇರಲಿಲ್ಲ. ಹಾವಿನ ಮದ್ದು ಹೊಳಲ್ಕೆರೆಯ ಕಡೆಯ ಕೇಂದ್ರಕ್ಕೆ ಬಂದಿದೆಯಂತೆ, ಅದೊಂದು ಸಮಾಧಾನ. ಊರಿನ ಹೆಸರಿನ ವಿಷಯ ಏನಾಯಿತೋ ತಿಳಿಯಲಿಲ್ಲ. ಒಮ್ಮೊಮ್ಮೆ ಫೋನಿನ ಹುಡುಗಿ ಪಕ್ಕದ ಊರು ಯಾವುದೆಂದು ಕೇಳುತ್ತಾಳೆ, ಒಮ್ಮೊಮ್ಮೆ ಕೇಳುವುದಿಲ್ಲ. ಡಾಕ್ಟರಮ್ಮನಿಗೂ ವರ್ಗವಾಯಿತು. ಹೋಗುವ ಮುನ್ನ ಗಿರಣಿಗೆ ಬಂದು, "ನಿಮಗೆ ನಾನು ಏನೂ ಮಾಡಿಕೊಡೋಕಾಗಲಿಲ್ಲ ಅಕ್ಕ" ಎಂದರು. ನಿಜ ಹೇಳಿದವರು ನೀವೊಬ್ಬರೇ ಎಂದು ಹೇಳಬೇಕೆನಿಸಿತು. ಯಂತ್ರ ಆರಿಸಿ ಅವರಿಗೆ ರಾಗಿಹಿಟ್ಟು ಕಟ್ಟಿಕೊಟ್ಟೆ, ಅಷ್ಟೇ ಆದದ್ದು.

ಕ್ರಾಸಿನ ಗಾಡಿಯನ್ನು ಕರೆಸಿಕೊಂಡ ತಿಂಗಳಲ್ಲೇ ತಂಗಿ ಮತ್ತೆ ಬಸುರಿಯೆಂದು ಗೊತ್ತಾಯಿತು. ಯಾರೂ ಸಂತೋಷಪಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮನೆಯಲ್ಲಿ ಸಿಹಿ ಮಾಡಲಿಲ್ಲ, ಯಾರಿಗೂ ಹೇಳಲಿಲ್ಲ. ಅವಳ ಹೊಟ್ಟೆ ಬೆಳೆದಂತೆಲ್ಲ ನಮ್ಮ ಭಯವೂ ಬೆಳೆಯಿತು. ಅವಳು ಊಟದ ನಡುವೆ ತುತ್ತು ನಿಲ್ಲಿಸಿದರೂ ಮೈದುನ ಎದ್ದು ನಿಲ್ಲುತ್ತಿದ್ದ.

ದಿನ ತುಂಬುವ ಮೊದಲೇ ಹೊಸದುರ್ಗಕ್ಕೆ ಕರೆದುಕೊಂಡು ಹೋದೆವು. ನಾವು ಕೇಳಿದ ಕೋಣೆ ಇನ್ನೂ ಇರಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಬ್ಬರು ರಾಗಿ ತುಂಬುವ ನೆಲದಡಿಯ ಹಗೇವಿನಂಥ ಕತ್ತಲೆಯ ಒಂದು ಕೋಣೆ ಬಾಡಿಗೆಗೆ ಕೊಟ್ಟರು. ನಾನು, ತಂಗಿ ಅಲ್ಲೇ ಒಲೆ ಹೂಡಿದೆವು. ಹಗಲೆಲ್ಲ ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಕೂರುತ್ತಿದ್ದೆವು. ಅಲ್ಲಿ ನಮ್ಮಂಥವರು ಇನ್ನೂ ಇದ್ದರು, ತುಂಬಿದ ಹೊಟ್ಟೆಯವರು, ದೂರದ ಹಟ್ಟಿಗಳವರು, ತಿರುಗಿ ಹೋದರೆ ಮತ್ತೆ ಬರುವುದು ಹೇಗೆಂಬ ಹೆದರಿಕೆಗೆ ಹೋಗದೆ ಉಳಿದವರು. ಹೊಳಲ್ಕೆರೆಯ ಹಟ್ಟಿಯ ಆ ಹೆಂಗಸು ದಿನಾ ಫೋನು ಮಾಡಿ, "ಇನ್ನೂ ಆಗ್ಲಿಲ್ವೇನ್ರಿ?" ಎಂದು ಕೇಳುತ್ತಿದ್ದಳು.

ಆಪರೇಷನ್ ಆಯಿತು. ಬಾಗಿಲ ಹೊರಗೆ ನಿಂತಿದ್ದ ನನಗೆ ಅಳು ಕೇಳಿಸಿತು. ಬೇರೆ ಯಾರದೋ ಮಗು ಇರಬೇಕೆಂದುಕೊಂಡೆ. ಸಿಸ್ಟರ್ ತಂದು ಕೈಗಿಟ್ಟಾಗಲೂ, "ಇದು ನಮ್ಮದೇನಾ?" ಎಂದು ಕೇಳಿದೆ. ಗಂಡು ಮಗು. ತಂಗಿಗೆ ಎಚ್ಚರವಾದಾಗ ಮೊದಲು ಕೇಳಿದ್ದು ಅತ್ತಿತಾ ಎಂದು.

ಸಮಿತಿಯಲ್ಲಿ ನಾನು ಇನ್ನೂ ಇದ್ದೇನೆ. ಸಭೆ ಯಾವಾಗಲಾದರೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ನಾನೊಬ್ಬಳೇ ಹೋಗಿ ಮುಚ್ಚಿದ ಬಾಗಿಲು ನೋಡಿ ಬರುತ್ತೇನೆ. ಹೋದ ಸಲ ಮತ್ತೊಬ್ಬ ಹೊಸ ಅಧಿಕಾರಿ ಬಂದಿದ್ದರು. ಆಸ್ಪತ್ರೆಯ ಪಕ್ಕದ ಕೋಣೆಯ ಮಾತನ್ನು ಮೊದಲಿನಿಂದ ಹೇಳಿದೆ. ಒಳ್ಳೆಯ ಸಲಹೆ ಎಂದರು, ಮೊದಲ ಸಲ ಕೇಳಿದವರಂತೆ. ಅವರ ಮಟ್ಟಿಗೆ ಅದು ಮೊದಲ ಸಲವೇ ಅಲ್ಲವೇ?

ಎರಡು ಹಟ್ಟಿಯ ಹೆಂಗಸರು ಮಾತ್ರ ಒಬ್ಬರ ನಂಬರನ್ನು ಒಬ್ಬರು ಇಟ್ಟುಕೊಂಡಿದ್ದೇವೆ. ಕರೆಯದ ಗಾಡಿ ಬಂದರೆ ಡ್ರೈವರನ್ನು ನಿಲ್ಲಿಸಿ ತಕ್ಷಣ ಆ ಕಡೆಯವರಿಗೆ ತಿಳಿಸುತ್ತೇವೆ. ಗಾಡಿ ಬೇಗ ಬರುವುದಿಲ್ಲ ಅದರಿಂದ. ಆದರೆ ಕಾಯುವುದು ಬಿಟ್ಟು ಬೇರೆ ದಾರಿ ಹಿಡಿಯಬಹುದು.

ಮೊನ್ನೆ ಹಟ್ಟಿಯ ಒಬ್ಬ ಎಳೆಯ ಸೊಸೆ ಹಿಟ್ಟು ಹಾಕಿಸಲು ಬಂದವಳು, ಎಲ್ಲರೂ ಹೋಗುವವರೆಗೆ ನಿಂತಿದ್ದು ಕೇಳಿದಳು, "ಅಕ್ಕ, ನಾನೂ ಮುಂಚೇನೇ ಹೊಸದುರ್ಗಕ್ಕೆ ಹೋಗಿ ಇರ್ಬೇಕಾ?"

"ಹೋಗ್ಬೇಕವ್ವ."

"ಯಾರ ಜೊತೆಗಿರ್ಲಿ? ಅತ್ತೆಗೆ ಕಣ್ಣು ಕಾಣಲ್ಲ. ನಮ್ಮನೆಯವ್ರು ಕುರಿ ಹಿಂದೆ ಹೋಗ್ತಾರೆ. ಮನೆ ಬಾಗ್ಲು ಹಾಕಂಗಿಲ್ಲ."

ನಾನು ಬರುತ್ತೇನೆ ಎಂದುಬಿಟ್ಟೆ. ಗಿರಣಿ ಯಾರು ನೋಡುತ್ತಾರೆ, ನನ್ನ ಗಂಡ ಏನನ್ನುತ್ತಾರೆ, ಅವಳ ನಂತರ ಇನ್ನೊಬ್ಬಳು ಬಂದರೆ ಏನು ಹೇಳುವುದು, ಒಂದೂ ಯೋಚಿಸಿರಲಿಲ್ಲ. ಅವಳು ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ನಿಧಾನವಾಗಿ ಮನೆಯ ಕಡೆ ಹೋದಳು. ಅವಳಿಗೆ ಈಗ ಎಂಟು ತಿಂಗಳು ತುಂಬಿದೆ.